ವರ್ಷದ ಹಣ ಮುಂಗಡ, ನೆಟ್ ಐದೇ ತಿಂಗಳು

ಹನ್ನೆರಡು ತಿಂಗಳ ಹಣ ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಉಚಿತ. ಮೈಸೂರಿನ ಮನೆಗೆ ಇಂಟರ್‌ನೆಟ್ ಹಾಕಿಸುವಾಗ ಈ ಅಂಕಣಕಾರ ನೋಡಿದ್ದು ಅದೊಂದನ್ನೇ. ಬಡಾವಣೆಯ ಕೇಬಲ್ ಆಪರೇಟರ್ ಕೈಗೆ ₹7,200 ನಗದು ಕೊಟ್ಟಾಯಿತು. ಐದು ತಿಂಗಳು ಕಳೆಯುವಷ್ಟರಲ್ಲಿ ಒಳಚರಂಡಿ ಕೆಲಸಕ್ಕೆ ರಸ್ತೆ ಅಗೆದರು, ಕೇಬಲ್ ತುಂಡಾಯಿತು. "ನಾಳೆ ಹುಡುಗರನ್ನ ಕಳಿಸ್ತೀನಿ ಸಾರ್" ಎಂಬ ಮಾತಿನಲ್ಲೇ ಮೂರು ವಾರ ಕಳೆಯಿತು. ಆಮೇಲೆ ಫೋನ್ ಎತ್ತುವವರೇ ಇಲ್ಲ. ಉಚಿತ ತಿಂಗಳುಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಮುಳುಗಿದ್ದು ₹4,200.

ಎರಡನೇ ಸಲ ಅವರು ದರಪಟ್ಟಿಗಿಂತ ಮೊದಲು ವೈರು ನೋಡಿದರು.

ಫೈಬರ್ ಎಂದರೆ ಮನೆಯ ಗೋಡೆಯವರೆಗೂ ಗಾಜಿನ ಎಳೆ. ಅದನ್ನು ಜೋಡಿಸಲು ಬಂದ ಹುಡುಗ ಕೂದಲೆಳೆಯಂಥ ಗಾಜನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕತ್ತರಿಸಿ, ಪುಟ್ಟ ಮೀಟರಿಗೆ ಸಿಕ್ಕಿಸಿದ. ಮೈನಸ್ 19 ಎಂದು ತೋರಿಸಿತು. "ಮೈನಸ್ 27 ದಾಟಿದ್ರೆ ಕೆಂಪು ದೀಪ ಮಿಣುಕೋಕೆ ಶುರುವಾಗತ್ತೆ ಸಾರ್" ಎಂದ. ಮನೆಗೆ ಬೆಳಕು ಎಷ್ಟು ತಲುಪುತ್ತಿದೆ ಎಂಬುದರ ಅಳತೆ ಅದು. ಸಂಪರ್ಕ ಪಡೆಯುವ ದಿನವೇ ಇದನ್ನು ಕೇಳಿ ಬರೆದಿಟ್ಟುಕೊಂಡರೆ ಮುಂದೆ ದೂರು ಕೊಡುವಾಗ ಕೆಲಸಕ್ಕೆ ಬರುತ್ತದೆ.

ಇನ್ನು ದರ. ₹699 ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೆ ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ₹825 ಆಗುತ್ತದೆ, ವರ್ಷಕ್ಕೆ ಸುಮಾರು ₹9,900. ಅದೇ ₹399ರ ಪ್ಲಾನಿಗೆ ವರ್ಷಕ್ಕೆ ₹5,650. ನಡುವಿನ ₹4,250 ಕೊಟ್ಟು ಕೊಳ್ಳುವುದೇನು? 30 ಎಂಬಿಪಿಎಸ್ ಬದಲು 100. ಹೈ ಡೆಫಿನಿಷನ್ ಸಿನಿಮಾಕ್ಕೆ 5 ಎಂಬಿಪಿಎಸ್ ಸಾಕು, ವಿಡಿಯೊ ಮೀಟಿಂಗಿಗೆ ಅದೂ ಬೇಡ. ನಾಲ್ಕು ಜನರ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನೋಡಿದರೂ 30 ಮುಗಿಯುವುದಿಲ್ಲ. ಹಾಗಾಗಿ ಅವರು ಚಿಕ್ಕ ಪ್ಲಾನನ್ನೇ ತೆಗೆದುಕೊಂಡರು. ಒಳಕೋಣೆಗೆ ಸಿಗ್ನಲ್ ಬಾರದೇ ಇದ್ದುದಕ್ಕೆ ದೊಡ್ಡ ಪ್ಲಾನ್ ಬೇಕಾಗಲಿಲ್ಲ, ರೌಟರನ್ನು ಟಿವಿ ಹಿಂದಿನಿಂದ ನಡುಮನೆಯ ಶೆಲ್ಫಿಗೆ ಎತ್ತಿಟ್ಟಿದ್ದೇ ಸಾಕಾಯಿತು.

ಕಚೇರಿಯ ಲೆಕ್ಕ ಬೇರೆ. ಅದೇ ಬೀದಿಯಲ್ಲಿ ಮದುವೆ ಫೋಟೊ ತೆಗೆಯುವವರ ಸ್ಟುಡಿಯೊ ಇದೆ. ಒಂದು ಮದುವೆಯ 40 ಜಿಬಿ ಫೋಟೊ, ವಿಡಿಯೊ ಕಳಿಸಲು ಅಪ್‌ಲೋಡ್ ವೇಗ 100 ಎಂಬಿಪಿಎಸ್ ಇದ್ದರೆ ಒಂದು ಗಂಟೆಯೊಳಗೆ ಆಗುತ್ತದೆ. 10 ಇದ್ದರೆ ಒಂಬತ್ತು ಗಂಟೆ ಬೇಕು, ಇಡೀ ರಾತ್ರಿ ಯಂತ್ರ ಆನ್ ಇರಬೇಕು. ಅಂಥವರು ಕೇಳಬೇಕಾದ್ದು ಅಪ್‌ಲೋಡ್ ವೇಗವನ್ನು.

2023ರಲ್ಲಿ ಏರ್‌ಟೆಲ್, ಜಿಯೊ ಎರಡೂ ಏರ್‌ಫೈಬರ್ ತಂದವು. ಹೆಸರಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು 5ಜಿ ಸಿಗ್ನಲ್, ಚಾವಣಿಯ ಮೇಲಿನ ಡಬ್ಬಿಯ ಮೂಲಕ. ರಸ್ತೆ ಅಗೆದರೂ ಮನೆಯ ವೈರು ತುಂಡಾಗುವ ಚಿಂತೆಯಿಲ್ಲ. ಬಾಡಿಗೆ ಮನೆಯವರಿಗೆ ಇದು ನಿಜಕ್ಕೂ ಅನುಕೂಲ. ಆದರೆ ಅಪ್‌ಲೋಡ್ ಸಾಮಾನ್ಯವಾಗಿ ಫೈಬರಿಗಿಂತ ಕಡಿಮೆ. ಟವರಿನ ಮೇಲೆ ಹೊರೆ ಹೆಚ್ಚಾದ ಸಂಜೆ ಹೊತ್ತಿನಲ್ಲಿ ವೇಗ ಇಳಿಯುವುದೂ ಉಂಟು.

ತೀರ್ಥಹಳ್ಳಿ ಕಡೆಯ ಅಂಕಣಕಾರರ ಅಪ್ಪನ ಮನೆ ಅಡಿಕೆ ತೋಟದ ನಡುವೆ ಇದೆ. ಅಲ್ಲಿ 5ಜಿ ಹಿಡಿಯುವುದಿಲ್ಲ, ಇರುವುದು ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ಒಂದೇ. ಆಷಾಢದ ಗಾಳಿಗೆ ಮರ ಬಿದ್ದರೆ ಎರಡು ದಿನ ಸುದ್ದಿಯಿಲ್ಲ. ಕರೆಂಟ್ ಹೋದಾಗ ಮಾತ್ರ ತೊಂದರೆಯಿಲ್ಲ, ರೌಟರಿಗೆ ಒಂದು ಸಣ್ಣ ಯುಪಿಎಸ್ ಇಟ್ಟಿದ್ದಾರೆ. ಇಂಥ ಮನೆಗಳಿಗೆ ಉಪಗ್ರಹದ ಇಂಟರ್‌ನೆಟ್ ದಾರಿಯಾದೀತು. ಅಂಥ ಸೇವೆ ಕೊಡುವ ಸ್ಟಾರ್‌ಲಿಂಕ್‌ಗೆ ಭಾರತದ ಪರವಾನಗಿ ಸಿಕ್ಕಿದ್ದು 2025ರಲ್ಲಿ. ಹಳೆಯ ಕ್ರಮದ ಉಪಗ್ರಹಗಳು 36,000 ಕಿ.ಮೀ. ಎತ್ತರದಲ್ಲಿದ್ದರೆ ಇದರವು ಸುಮಾರು 550 ಕಿ.ಮೀ.ನಲ್ಲಿವೆ, ಹೀಗಾಗಿ ಮಾತು ತಡವಾಗಿ ತಲುಪುವ ಕಾಟ ಬಹಳ ಕಡಿಮೆ.

ಮುಳುಗಿದ ₹4,200 ವಾಪಸ್ ಬರಲಿಲ್ಲ. ಅವರ ಬಳಿ ರಸೀದಿ ಇರಲಿಲ್ಲ. ಟೆಲಿಕಾಂ ಸೇವೆಯ ದೂರನ್ನು ಗ್ರಾಹಕ ಆಯೋಗಕ್ಕೆ ಒಯ್ಯಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲೇ ಸ್ಪಷ್ಟಪಡಿಸಿದೆ, ಆದರೆ ಅಲ್ಲಿ ತೋರಿಸಲು ಕೈಯಲ್ಲಿ ಕಾಗದ ಇರಬೇಕು. ದಯವಿಟ್ಟು ಹಣ ಕಟ್ಟುವಾಗಲೇ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಮೊದಲ ಆರು ತಿಂಗಳು ತಿಂಗಳಿಗಿಷ್ಟು ಎಂದೇ ಕಟ್ಟಿ. ಕಂಪನಿ ದೂರಿಗೆ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.