ಕೇಲಾಂಗ್‌ಗೆ ಹೋದರೆ ಕಾಲುಚೀಲ ನೋಡಿ

ಹಿಮಾಚಲದ ಲಾಹೌಲ್ ಕಣಿವೆಯ ಕೇಲಾಂಗ್‌ನಲ್ಲಿ ಇಳಿಯುವವರು ಹೆಚ್ಚಾಗಿ ಲೇಹ್ ದಾರಿಹೋಕರು. ರಾತ್ರಿ ಮಲಗಿ ಬೆಳಿಗ್ಗೆ ಹೊರಟುಬಿಡುತ್ತಾರೆ. ನಾನು ಹೋದದ್ದು ಹಳೆಯ ಮಿಷನ್ ಊರೆಂದೇ. ಮಂಗೋಲಿಯಾಕ್ಕೆ ಹೊರಟಿದ್ದ ಮೊರೇವಿಯನ್ ಪಾದ್ರಿಗಳಾದ ಹೈಡೆ ಮತ್ತು ಪಾಗೆಲ್, ಮುಂದಕ್ಕೆ ದಾರಿ ಸಿಗದೆ 1856ರಲ್ಲಿ ಇಲ್ಲಿ ನೆಲೆನಿಂತರು. ಮರುವರ್ಷ ಬಂದ ಯೆಶ್ಕೆ ಟಿಬೆಟನ್ ಕಲಿತು, ಮುಂದೆ ಟಿಬೆಟನ್-ಇಂಗ್ಲಿಷ್ ನಿಘಂಟನ್ನೇ ಬರೆದ. ಅದು ಅಚ್ಚಾದದ್ದು 1881ರಲ್ಲಿ, ನಮ್ಮ ಕಿಟೆಲ್ ನಿಘಂಟಿಗಿಂತ ಹದಿಮೂರು ವರ್ಷ ಮೊದಲು.

ಇಷ್ಟು ಓದಿಕೊಂಡು ಹೋದವರು ಅಲ್ಲಿ ದೊಡ್ಡ ಸ್ಮಾರಕ ಹುಡುಕುವುದು ಸಹಜ. ಆದರೆ ಮಿಷನ್ ಮುಚ್ಚಿ ಎಷ್ಟೋ ಕಾಲವಾಯಿತು. ಪಾದ್ರಿಗಳ ಮತಕ್ಕೆ ಸೇರಿದವರೂ ತೀರಾ ಕಡಿಮೆ. ನದಿಯಾಚೆ ಕಾರ್ದಾಂಗ್ ಗೊಂಪಾ, ಅಂದರೆ ಬೌದ್ಧ ಮಠ, ಇಂದಿಗೂ ಊರಿಗೆ ಎದುರಾಗಿ ನಿಂತಿದೆ. ಮಿಷನ್ನಿನ ಗುರುತು ಸಿಗುವುದು ಮನೆಗಳ ಒಳಗೆ.

ನಾನು ಉಳಿದ ಮನೆಯ ಅಜ್ಜಿ ಬಿಸಿಲಿಗೆ ಕೂತು ನಾಲ್ಕು ಕಡ್ಡಿಗಳಲ್ಲಿ ಕಾಲುಚೀಲ ಹೆಣೆಯುತ್ತಿದ್ದರು. ಮೇಲ್ಭಾಗಕ್ಕೆ ಬಣ್ಣದ ಚಿತ್ತಾರ, ಪಾದಕ್ಕೆ ಬರಿಯ ಬಿಳಿ ಉಣ್ಣೆ. ಒಳಮಗ್ಗುಲು ತಿರುಗಿಸಿ ತೋರಿಸಿದರು: ಹೊರಗೆ ಕಾಣದ ಬಣ್ಣದ ಎಳೆಗಳೆಲ್ಲ ಹಿಂದೆ ಸಡಿಲವಾಗಿ ಹಾದುಹೋಗಿದ್ದವು. ಎಳೆ ಬಿಗಿದರೆ ಕಾಲು ತೂರದಂತೆ! ಈ ಹೆಣಿಗೆಯನ್ನು ಇಲ್ಲಿನ ಹೆಂಗಸರಿಗೆ ಕಲಿಸಿದವಳು ಹೈಡೆಯ ಹೆಂಡತಿ, 1859ರಲ್ಲಿ ಬಂದ ಮರಿಯಾ. ಆಲೂಗಡ್ಡೆ ತಂದವರೂ ಪಾದ್ರಿಗಳೇ ಎಂದು ಊರವರು ಹೇಳುತ್ತಾರೆ.

ಇವೇ ಏಕೆ ಉಳಿದವು ಎಂಬುದು ತಿಳಿಯಬೇಕಾದರೆ ಒಮ್ಮೆಯಾದರೂ ಬೇಸಿಗೆಯಲ್ಲಿ ರೋಹ್ತಾಂಗ್ ಕಣಿವೆದಾರಿಯಿಂದ ಹೋಗಿ. 2020ರಲ್ಲಿ ತೆರೆದ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ಬರುವ ಮೊದಲು, ಹಿಮ ಬಿತ್ತೆಂದರೆ ಕಣಿವೆಗೆ ತಿಂಗಳುಗಟ್ಟಲೆ ಬೀಗ. ಅಷ್ಟು ದಿನ ಕೈಗೆ ಕೆಲಸ, ಕಾಲಿಗೆ ಬೆಚ್ಚಗೆ, ಹೊಟ್ಟೆಗೆ ಆಲೂಗಡ್ಡೆ ಬೇಕಿತ್ತು. ಬೇಕಾದ್ದನ್ನು ಊರು ಇಟ್ಟುಕೊಂಡಿತು, ಉಳಿದದ್ದಕ್ಕೆ ಕೈಮುಗಿಯಿತು.

ಹೋಗುವವರಿಗೆ ಎರಡು ಮಾತು. ಸುರಂಗದಿಂದಾಗಿ ಮನಾಲಿಯಿಂದ ಬೇಗ ತಲುಪುತ್ತೀರಿ, ಆದರೆ ಊರು ಮೂರು ಸಾವಿರ ಮೀಟರಿಗೂ ಎತ್ತರದಲ್ಲಿದೆ. ಮೊದಲ ದಿನ ಏರು ಹತ್ತಬೇಡಿ. ಲಾಹೌಲಿ ಕಾಲುಚೀಲಕ್ಕೆ 2021ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಕೊಳ್ಳುವುದಾದರೆ ಹೆಣೆದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಬೇಡ.