ಕರೆಂಟ್ ಸೈಕಲ್ಲೂ ರೈಲು ಪಾಸೂ



ದೊಡ್ಡನೆಕ್ಕುಂದಿಯಿಂದ ಕೆ.ಆರ್.ಪುರ ರೈಲು ನಿಲ್ದಾಣ ದೂರವೇನಲ್ಲ. ನಾಲ್ಕೈದು ಕಿಲೋಮೀಟರ್ ಅಷ್ಟೆ. ಆದರೆ ಬೆಳಗಿನ ಹೊತ್ತು ರಿಂಗ್ ರೋಡು ನೋಡಿದ್ದೀರಲ್ಲ? ಬಸ್ಸು ನಿಂತಲ್ಲೇ ನಿಂತಿರುತ್ತೆ. ಆಟೋದವರು ಕೇಳಿದಷ್ಟು ಕೊಟ್ಟರೆ ಕೂಲಿಯಲ್ಲಿ ಉಳಿಯೋದೇನು? ಅಷ್ಟರಲ್ಲಿ ರೈಲು ಹೋಗಿಬಿಡುತ್ತೆ. ರೈಲು ತಪ್ಪಿದರೆ ಆ ದಿನದ ಸಂಬಳಕ್ಕೂ ಕತ್ತರಿ.

ಇಂಥ ದಾರಿಗೆ ಹೇಳಿಸಿದ ಹಾಗಿದೆ ಕರೆಂಟ್ ಸೈಕಲ್. ನೋಡಲು ಮಾಮೂಲಿ ಸೈಕಲ್ಲೇ. ಚಕ್ರದಲ್ಲಿ ಒಂದು ಸಣ್ಣ ಮೋಟಾರು, ಜೊತೆಗೆ ಒಂದು ಬ್ಯಾಟರಿ. ನಾವು ಪೆಡಲ್ ತುಳಿದರೆ ಮೋಟಾರು ಕೈ ಜೋಡಿಸುತ್ತೆ. ಏರು ದಾರಿಯಲ್ಲಿ ಏದುಸಿರು ಬರೋದಿಲ್ಲ. ಬ್ಯಾಟರಿ ಮುಗಿದರೂ ತುಳಿದುಕೊಂಡು ಮನೆ ಸೇರಬಹುದು. ಸ್ವಲ್ಪ ಭಾರ ಅನ್ನಿಸುತ್ತೆ, ಅಷ್ಟೆ.

ಹೆಂಗಸರಿಗೆ ಸೈಕಲ್ಲೇ ಅಂತ ಯಾರಾದರೂ ನಕ್ಕರೆ ಪುದುಕೋಟೆಯ ಮಾತು ಹೇಳಿ. ಅದು ತಮಿಳುನಾಡಿನ ಒಂದು ಜಿಲ್ಲೆ. 1990ರ ದಶಕದ ಮೊದಲಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಕ್ಷರದ ಜೊತೆಗೆ ಸಾವಿರಾರು ಹೆಂಗಸರು ಸೈಕಲ್ಲನ್ನೂ ಕಲಿತರು. ಹೊಲದ ಕೂಲಿಯವರು, ಕಲ್ಲು ಒಡೆಯುವವರು, ನಮ್ಮಂಥವರೇ. ನೀರಿಗೆ, ಸಂತೆಗೆ, ಕೆಲಸಕ್ಕೆ ತಾವೇ ಹೋದರು. ಗಂಡಸರು ಬಂದು ಕರೆದುಕೊಂಡು ಹೋಗಲಿ ಅಂತ ಕಾಯಲಿಲ್ಲ.

ಅಂಗಡಿಗೆ ಹೋದಾಗ ನಾವು ಕಲಿತ ಓದು ಕೆಲಸಕ್ಕೆ ಬರುತ್ತೆ. ಅಂಗಡಿಯವರು "ಲೈಸೆನ್ಸ್ ಬೇಡ, ನಂಬರ್ ಪ್ಲೇಟೂ ಬೇಡ" ಅನ್ನುತ್ತಾರೆ. ಎಲ್ಲ ಗಾಡಿಗೂ ಆ ಮಾತು ಸಲ್ಲದು. ಗಾಡಿಯ ಮೇಲೆ, ಕಾಗದದ ಮೇಲೆ ಎರಡು ಅಂಕಿ ಹುಡುಕಿ. ಮೋಟಾರಿನ ಶಕ್ತಿ 250 ವ್ಯಾಟ್ ದಾಟಬಾರದು. ವೇಗ ಗಂಟೆಗೆ 25 ಕಿಲೋಮೀಟರ್ ದಾಟಬಾರದು. ಸರ್ಕಾರ ಒಪ್ಪಿದ ಸಂಸ್ಥೆಯಲ್ಲಿ ಪರೀಕ್ಷೆಯಾದ ಗಾಡಿಯೇ ಅಂತಲೂ ಕೇಳಿ. ಇಷ್ಟೂ ಸರಿ ಇದ್ದರೆ ಮಾತ್ರ ಲೈಸೆನ್ಸ್ ಬೇಡ. 500 ವ್ಯಾಟ್ ಅಂತ ಬರೆದಿದ್ದರೆ ಅದು ಸೈಕಲ್ಲಿನ ಲೆಕ್ಕಕ್ಕೆ ಬಾರದು, ಮೋಟಾರು ವಾಹನವೇ. ಪೊಲೀಸರು ಹಿಡಿದರೆ ದಂಡ ಕಟ್ಟೋದು ನಾವು, ಅಂಗಡಿಯವರಲ್ಲ. ಅವರು ಅವಸರ ಮಾಡಲಿ, ನೀವು ನಿಧಾನವಾಗಿ ಅಕ್ಷರ ಕೂಡಿಸಿ ಓದಿ.

ಕರೆಂಟ್ ಬಿಲ್ಲಿನ ಹೆದರಿಕೆಯೇ? ಲೆಕ್ಕ ಮಾಡೋಣ ಬನ್ನಿ. ಬ್ಯಾಟರಿಯ ಮೇಲೆ 36 ವೋಲ್ಟ್, 10 ಆಂಪಿಯರ್ ಅವರ್ ಅಂತ ಇದೆ ಅಂದುಕೊಳ್ಳಿ. 36ನ್ನು 10ರಿಂದ ಗುಣಿಸಿದರೆ 360. ಸಾವಿರ ಆದರೆ ಒಂದು ಯೂನಿಟ್. ಅಂದರೆ ಒಂದು ಸಲ ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ಟೂ ಬೇಡ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಕಾದರೆ ಒಂದು ಯೂನಿಟ್ ನುಂಗುತ್ತೆ.

ಬಿಲ್ಲು ಚಿಕ್ಕದು, ಆದರೆ ಬ್ಯಾಟರಿ ಹುಷಾರು. ಅದು ಹೊತ್ತಿಕೊಂಡರೆ ಆರಿಸೋದು ಕಷ್ಟ. ಒಂದೇ ಕೋಣೆಯ ಮನೆಯಲ್ಲಿ ನಾವು ಒಲೆ ಪಕ್ಕದಲ್ಲೇ ಮಲಗುತ್ತೇವೆ, ಬಾಗಿಲ ಹತ್ತಿರವೇ ಸೈಕಲ್ ನಿಲ್ಲಿಸುತ್ತೇವೆ. ಬೆಂಕಿ ಬಿದ್ದರೆ ಓಡುವ ದಾರಿ ಯಾವುದು? ಹಾಗಾಗಿ ಬಾಗಿಲಿಗೆ ಅಡ್ಡವಾಗಿ ಚಾರ್ಜಿಗೆ ಹಾಕಬೇಡಿ. ಹಾಸಿಗೆಯ ಮೇಲೆ, ಒಲೆಯ ಹತ್ತಿರ ಬೇಡವೇ ಬೇಡ. ಗಟ್ಟಿ ನೆಲದ ಮೇಲಿಡಿ. ಎಲ್ಲರೂ ಮಲಗಿದ ಮೇಲೆ ಚಾರ್ಜ್ ಬೇಡ. ಸಂಜೆ ಬಂದ ಕೂಡಲೇ ಬ್ಯಾಟರಿ ಬಿಸಿ ಇರುತ್ತೆ, ಆರಲಿ. ಅಡಿಗೆ ಮಾಡುವಷ್ಟು ಹೊತ್ತು ಸಾಕು. ಗಾಡಿಯ ಜೊತೆ ಕೊಟ್ಟ ಚಾರ್ಜರನ್ನೇ ಬಳಸಿ. ಬ್ಯಾಟರಿ ಊದಿಕೊಂಡರೆ, ವಾಸನೆ ಬಂದರೆ ಮತ್ತೆ ಮುಟ್ಟದೆ ರಿಪೇರಿಯವರಿಗೆ ತಿಳಿಸಿ. ಮಳೆಯಲ್ಲಿ ರಸ್ತೆಯ ಮೇಲೆ ನೀರು ನಿಂತಿದ್ದರೆ ಅದರೊಳಗೆ ನುಗ್ಗಿಸಬೇಡಿ.

ಸೀರೆ ಉಡುವವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ಚೈನಿಗೆ, ಹಿಂದಿನ ಚಕ್ರಕ್ಕೆ ಮುಚ್ಚಳ ಇರುವ ಗಾಡಿಯನ್ನೇ ತಗೊಳ್ಳಿ.

ಇನ್ನು ನಿಲ್ದಾಣ. ಇದು ಹಳೇ ರೈಲು ದಾರಿ. 1864ರಲ್ಲಿ ಬೆಂಗಳೂರಿಗೆ ಮೊದಲ ರೈಲು ಬಂದದ್ದು ಜೋಲಾರಪೇಟೆಯಿಂದ ದಂಡು ನಿಲ್ದಾಣಕ್ಕೆ, ಈ ದಾರಿಯಲ್ಲೇ. ಈಗ ಇಲ್ಲಿಂದ ಒಂದು ಕಡೆ ದಂಡು ನಿಲ್ದಾಣಕ್ಕೆ, ಇನ್ನೊಂದು ಕಡೆ ಮಾಲೂರು, ಬಂಗಾರಪೇಟೆಗೆ ಹೋಗಬಹುದು. ಈಗಿನ ರೈಲಿಗೂ ಕರೆಂಟೇ. ಮೇಲಿನ ತಂತಿಯಲ್ಲಿ 25,000 ವೋಲ್ಟ್! ಮನೆಯಲ್ಲಿರೋದು 230. ಉದ್ದನೆಯ ಕೋಲು, ಕಬ್ಬಿಣದ ಸರಳು ಎತ್ತಿ ಹಿಡಿಯಬೇಡಿ. ಹಳಿ ದಾಟಬೇಡಿ. ಸೇತುವೆ ಹತ್ತಿ ಹೋಗಿ, ಮೊಣಕಾಲು ನೋವಿದ್ದರೂ.

ದಿನಾ ಹೋಗುವವರಿಗೆ ತಿಂಗಳ ಪಾಸು ಲಾಭ. ದಿನಾ ಟಿಕೆಟ್ ಸಾಲಿನಲ್ಲಿ ನಿಲ್ಲೋದೂ ತಪ್ಪುತ್ತೆ. ಕೈಗೆ ಬಂದ ಕೂಡಲೇ ಕಿಟಕಿ ಬಿಡದೆ ಓದಿ. ಎಲ್ಲಿಂದ, ಎಲ್ಲಿಗೆ, ಯಾವ ದಿನದವರೆಗೆ? ತಪ್ಪಿದ್ದರೆ ಅಲ್ಲೇ ಹೇಳಿ. ಗುರುತಿನ ಚೀಟಿ ಜೊತೆಗಿರಲಿ.

ಸೈಕಲ್ಲನ್ನು ಬೋಗಿಯೊಳಗೆ ಹತ್ತಿಸುವ ಹಾಗಿಲ್ಲ. ದೂರದ ಊರಿಗೆ ಒಯ್ಯಬೇಕಾದರೆ ಸಾಮಾನಿನ ಕಚೇರಿಯಲ್ಲಿ ಬೇರೆ ಹಣ ಕಟ್ಟಬೇಕು, ರಸೀದಿ ಪಡೀಬೇಕು. ಅದು ಸಾಮಾನಿನ ಡಬ್ಬಿಯಲ್ಲಿ ಬರುತ್ತೆ. ಮೆಟ್ರೋದವರು 2020ರಲ್ಲಿ ಮಡಚುವ ಸೈಕಲ್ಲಿಗೆ ಒಪ್ಪಿದರು. ಆದರೆ 15 ಕಿಲೋ ಒಳಗಿರಬೇಕು ಅಂದರು. ಬ್ಯಾಟರಿ ಇರುವ ಸೈಕಲ್ ಸಾಮಾನ್ಯವಾಗಿ ಅದಕ್ಕಿಂತ ಭಾರ.

ಆದ್ದರಿಂದ ದಿನದ ಓಡಾಟಕ್ಕೆ ಸೈಕಲ್ಲನ್ನು ನಿಲ್ದಾಣದ ಗಾಡಿ ನಿಲ್ಲಿಸುವ ಜಾಗದಲ್ಲೇ ಬಿಡಿ. ಚಕ್ರಕ್ಕೂ ಬ್ಯಾಟರಿಗೂ ಬೀಗ ಹಾಕಿ. ಅಲ್ಲಿ ಕೊಡುವ ಚೀಟಿಯ ಮೇಲಿನ ಅಂಕಿ ಓದಿ, ಪಾಸಿನ ಜೊತೆಗೇ ಇಟ್ಟುಕೊಳ್ಳಿ.