ದಿನ ತುಂಬದ ಅವಳಿ ಶಿಶುಗಳ ಬೆಳವಣಿಗೆ

ಬಸುರಿನ ೩೭ ವಾರಗಳು ತುಂಬುವ ಮೊದಲೇ ಜನಿಸಿದ ಶಿಶುವನ್ನು ದಿನ ತುಂಬದ ಶಿಶು ಎನ್ನುತ್ತಾರೆ. ಒಂದೇ ಗರ್ಭದಲ್ಲಿ ಎರಡು ಶಿಶುಗಳು ಬೆಳೆಯುವಾಗ ಹೆರಿಗೆ ಮುಂಚಿತವಾಗಿ ಆಗುವುದು ಸಾಮಾನ್ಯ. ಇಂಥ ಅವಳಿಗಳು ಬಹುಮಟ್ಟಿಗೆ ೨.೫ ಕಿಲೋಗ್ರಾಂಗಿಂತ ಕಡಿಮೆ ತೂಗುತ್ತವೆ. ಕಂಡವರೆಲ್ಲ ‘ಕುಡಿದ ಹಾಲು ಮೈಗೆ ಹತ್ತುತ್ತಿಲ್ಲ’ ಎಂದಾರು. ಆದರೆ ದಂಪತಿಗಳಾದ ನೀವು ಮೊದಲು ತಿಳಿಯಬೇಕಾದುದು ಇವುಗಳ ವಯಸ್ಸನ್ನು ಎಣಿಸುವ ಬಗೆ.

ಯುಗಾದಿಯ ವೇಳೆಗೆ ಆಗಬೇಕಿದ್ದ ಹೆರಿಗೆ ಸಂಕ್ರಾಂತಿಯಲ್ಲೇ ಆಯಿತೆನ್ನಿ. ಗೌರಿ ಹಬ್ಬದ ಹೊತ್ತಿಗೆ ಮಕ್ಕಳಿಗೆ ಸುಮಾರು ಎಂಟು ತಿಂಗಳು. ನೆರೆಮನೆಯ ಎಂಟು ತಿಂಗಳ ಕೂಸು ಕುಳಿತು ಆಡುತ್ತಿರಲು, ನಿಮ್ಮವು ಇನ್ನೂ ಮಗುಚಿಕೊಳ್ಳುತ್ತಿರಬಹುದು. ಗಾಬರಿ ಬೇಡ. ಮುಂಚಿತವಾಗಿ ಬಂದ ಎರಡೂವರೆ ತಿಂಗಳನ್ನು ಕಳೆದರೆ ಅವುಗಳ ಬೆಳವಣಿಗೆಯ ವಯಸ್ಸು ಐದೂವರೆ ತಿಂಗಳು ಮಾತ್ರ. ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಎರಡು ವರ್ಷ ತುಂಬುವವರೆಗೆ ಈ ಲೆಕ್ಕದಿಂದಲೇ ನೋಡಬೇಕು. ಲಸಿಕೆಗೆ ಮಾತ್ರ ಇದು ಸಲ್ಲದು. ಹುಟ್ಟಿದ ದಿನದಿಂದಲೇ ಎಣಿಸಿ ೬, ೧೦, ೧೪ನೆಯ ವಾರಗಳಲ್ಲಿ ಹಾಕಿಸತಕ್ಕದ್ದು.

ಹುಟ್ಟಿದ ಮೊದಲ ದಿನಗಳಲ್ಲಿ ತೂಕ ತುಸು ಇಳಿದು, ಎರಡು ಮೂರು ವಾರಗಳಲ್ಲಿ ಮರಳಿ ಬರುತ್ತದೆ. ಆ ಬಳಿಕದ ಮೊದಲ ತಿಂಗಳುಗಳಲ್ಲಿ ದಿನಕ್ಕೆ ೨೦ರಿಂದ ೩೦ ಗ್ರಾಂ ಏರಿದರೆ ಸರಿಯೆನ್ನಬಹುದು. ಅವಳಿಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಇರುವುದುಂಟು. ಒಂದನ್ನು ಇನ್ನೊಂದರೊಡನೆ ಹೋಲಿಸಿ ಫಲವಿಲ್ಲ. ಇಬ್ಬರಿಗೂ ಬೇರೆ ಬೇರೆ ಬೆಳವಣಿಗೆಯ ನಕ್ಷೆ ಇರಲಿ. ಅಂಗನವಾಡಿಯಲ್ಲಿ ತಿಂಗಳು ತಿಂಗಳೂ ತೂಕ ಮಾಡಿಸಿ. ಗೆರೆಯು ಕೆಳಗಿದ್ದರೂ ಏರುತ್ತಿದ್ದರೆ ಒಳ್ಳೆಯ ಲಕ್ಷಣ. ಏರದೆ ನಿಂತರೆ ಅಥವಾ ಇಳಿದರೆ ವೈದ್ಯರಿಗೆ ತೋರಿಸಿ.

‘ಇಬ್ಬರಿಗೆ ತಾಯಿಹಾಲು ಎಲ್ಲಿ ಸಾಕು?’ ಎಂದು ಹಸುವಿನ ಹಾಲಿಗೆ ನೀರು ಬೆರೆಸಿ ಸೀಸೆಯಲ್ಲಿ ಕೊಡುವವರುಂಟು. ಇದರಿಂದ ಭೇದಿಯಾಗಿ ತೂಕ ಕುಂದುತ್ತದೆ. ಶಿಶುಗಳು ಹೀರಿದಷ್ಟೂ ಎದೆಹಾಲು ಊರುತ್ತದೆ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯಲ್ಲಿಯೂ ಕುಡಿಸಬೇಕು. ಹೀರಲು ಶಕ್ತಿ ಸಾಲದ ಕೂಸಿಗೆ ಎದೆಹಾಲನ್ನು ಹಿಂಡಿ, ನೀರಿನಲ್ಲಿ ಕುದಿಸಿ ಶುಚಿಗೊಳಿಸಿದ ಒಳಲೆಯಿಂದ ಕುಡಿಸಿ. ನಿಶ್ಶಕ್ತ ಕೂಸು ಹಸಿವಾದರೂ ಅಳದಿರಬಹುದು. ಅಳಲಿಲ್ಲವೆಂದು ಅದರ ಸರದಿ ತಪ್ಪಿಸಬಾರದು. ಆ ಕೂಸು ಹೆಣ್ಣಾಗಿದ್ದರೆ ಮನೆಯವರು ಇನ್ನಷ್ಟು ಎಚ್ಚರದಿಂದಿರುವುದು ಅಗತ್ಯ.

ಮೈ ತಣ್ಣಗಾದರೆ ಕುಡಿದ ಹಾಲಿನ ಸತ್ವವೆಲ್ಲ ಮೈ ಕಾಯಿಸುವುದಕ್ಕೇ ವ್ಯಯವಾಗಿ ತೂಕ ಏರದು. ಆದುದರಿಂದ ಒಂದು ಕೂಸನ್ನು ತಾಯಿಯೂ ಇನ್ನೊಂದನ್ನು ತಂದೆಯೂ ಬರಿಯ ಎದೆಗೆ ಅವಚಿಕೊಂಡು, ಮೇಲೆ ಬಟ್ಟೆ ಸುತ್ತಿಕೊಳ್ಳಬೇಕು. ಗಂಡಸರಿಗೆ ಇದರಲ್ಲಿ ಸಂಕೋಚವೇಕೆ? ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಅಂಗಾಲು ತಣ್ಣಗಾದರೆ, ಉಸಿರಾಟ ವೇಗವಾದರೆ, ಬೆಳಗಾಗಲೆಂದು ಕಾಯದೆ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ.